ಟರ್ಬೊಗೆ ಜಾಗ ಹುಡುಕಿದ ಮಾವ

ನಮ್ಮ ಸೋದರಮಾವ ಹೆಣ್ಣು ನೋಡಿ ಮದುವೆಗೆ ಒಪ್ಪಿದ್ದು ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ಮುಗಿಯುವಷ್ಟರಲ್ಲಿ. ಅದೇ ಮನುಷ್ಯ ತನ್ನ ಹಳೇ ಡೀಸೆಲ್ ಜೀಪಿನಲ್ಲಿ ಟರ್ಬೊ ಎಲ್ಲಿ ಕೂರಿಸಬೇಕೆಂದು ತೀರ್ಮಾನಿಸಲು ಇಡೀ ಒಂದು ವರ್ಷ ತೆಗೆದುಕೊಂಡ! ಅತ್ತೆ ಇದನ್ನು ಇನ್ನೂ ಮರೆತಿಲ್ಲ.

ಟರ್ಬೊ ಅಂದರೇನು? ಎಂಜಿನ್ನು ಉಗುಳುವ ಹೊಗೆಯ ರಭಸದಿಂದಲೇ ತಿರುಗಿ, ಅದೇ ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುವ ಫ್ಯಾನು. ನಾನು ಹೇಳಿದ್ದಲ್ಲ, ಮಾವ ನಮ್ಮೂರು ನವಲಿಯ ಅರ್ಧ ಜನಕ್ಕೆ ಮಾಡಿದ ಪಾಠ.

ಇದಕ್ಕೆಲ್ಲ ಕಾರಣ ನಮ್ಮ ಅವ್ವ. ಸಕ್ಕರೆ ಕಾಯಿಲೆಗೆ ತಿಂಗಳಿಗೊಮ್ಮೆ ಕೊಪ್ಪಳದ ಡಾಕ್ಟರಿಗೆ ತೋರಿಸಬೇಕು. ಬಸ್ಸು, ಕಾರು ಹತ್ತಿದರೆ ವಾಂತಿ. ಆಕೆಗೆ ಒಗ್ಗುವುದು ತಮ್ಮನ ಜೀಪಿನ ಮುಂದಿನ ಸೀಟೊಂದೇ. ಆ ಜೀಪೋ, ಏರು ಕಂಡರೆ ಏದುಸಿರು ಬಿಡುತ್ತಿತ್ತು. ಒಂದು ಸಲ ಭತ್ತ ತುಂಬಿದ ಟ್ರ್ಯಾಕ್ಟರು ಕೂಡ ನಮ್ಮನ್ನು ಹಿಂದೆ ಹಾಕಿತು. ನಾವು ಮುಟ್ಟುವಷ್ಟರಲ್ಲಿ ಡಾಕ್ಟರು ಎದ್ದುಹೋಗಿದ್ದರು.

"ನನ್ನಿಂದ ನಿಮಗೆಲ್ಲ ತ್ರಾಸ. ಇನ್ನ ನಾ ಬರಂಗಿಲ್ಲ" ಅಂದುಬಿಟ್ಟಳು ಅವ್ವ.

ಮರುದಿನವೇ ಮಾವ ಗಂಗಾವತಿಯ ಗುಜರಿ ಅಂಗಡಿಯಿಂದ ಯಾವುದೋ ಗೂಡ್ಸ್ ಗಾಡಿಯ ಟರ್ಬೊವನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಬಂದ. ಅದು ಕೂರುವವರೆಗೆ ನಸುಕಿನಲ್ಲೇ ಹೊರಡೋಣವೆಂದು ಅವ್ವನನ್ನು ಹೇಗೋ ಒಪ್ಪಿಸಿದೆವು. ಪ್ರತಿ ತಿಂಗಳೂ ಹೊಸದಾಗಿ ಒಪ್ಪಿಸಬೇಕಾಗುತ್ತಿತ್ತು, ಆ ಮಾತು ಬೇರೆ.

ಜಾಗ ಅಳೆಯಲು ಪೈಪಿನ ಮಾದರಿ ಬೇಕಲ್ಲ? ಅತ್ತೆ ರೊಟ್ಟಿಗೆ ನಾದಿಟ್ಟ ಜೋಳದ ಹಿಟ್ಟನ್ನೇ ಒಯ್ದು ಬಾನೆಟ್ಟಿನೊಳಗೆ ಪೈಪು ತಿದ್ದಿದ. ಒಣಗಲೆಂದು ಅಂಗಳದಲ್ಲಿಟ್ಟು ಸ್ನಾನಕ್ಕೆ ಹೋದ. ಹೊರಗೆ ಬಂದಾಗ ಅತ್ತೆ ತಣ್ಣಗೆ ಹೇಳಿದಳು: "ನಿಮ್ಮ ಪೈಪ್ ಎಮ್ಮಿ ತಿಂದೈತ್ರಿ. ಇವತ್ತ ನಿಮಗ ರೊಟ್ಟಿ ಇಲ್ಲ."

ಮಾವ ಸಲಹೆ ಕೇಳದ ಮನುಷ್ಯನೇ ಉಳಿಯಲಿಲ್ಲ. ರೈಸ್ ಮಿಲ್ಲಿನ ಫಿಟ್ಟರು, ಎಂಜಿನ್ನಿನ ಎಡಮಗ್ಗುಲಲ್ಲಿ ಹೊಗೆ ಹೊರಬೀಳುವ ಬಾಯಿಗೇ ಕೂರಿಸು, ಅದರಲ್ಲಿ ಯೋಚನೆ ಮಾಡುವುದೇನಿದೆ ಎಂದ. ವಾಸ್ತು ಹೇಳುವ ಹಿರಿಯರೊಬ್ಬರು, ಬೆಂಕಿಯ ಬಾಬತ್ತು, ಆಗ್ನೇಯವೇ ಸರಿ ಎಂದರು. ಮಾವ ಕೈಕಟ್ಟಿ ನಿಂತು ಕೇಳಿದ: "ಯಾವ ಆಗ್ನೇಯರಿ ಅಜ್ಜಾರ? ಕೊಪ್ಪಳಕ್ಕ ಹೋಗುವಾಗಿಂದೋ, ಹೊಳ್ಳಿ ಬರುವಾಗಿಂದೋ?" ಆ ಹಿರಿಯರು ಈಗ ನಮ್ಮ ಓಣಿಯಲ್ಲಿ ಹಾಯುವುದಿಲ್ಲ.

ಕೊನೆಗೆ ಫಿಟ್ಟರು ಹೇಳಿದಲ್ಲೇ ಕೂರಿಸಿ, ಸ್ಟೇರಿಂಗ್ ನನ್ನ ಕೈಗೆ ಕೊಟ್ಟ. ತಾನು ಅವ್ವನ ಹಾಗೇ ಚಪ್ಪಲಿ ಬಿಚ್ಚಿ ಆಕೆಯ ಸೀಟಿನಲ್ಲಿ ಕುಳಿತ. ಜೀಪು ಏನು ಓಡಿತು ಅಂತೀರಿ! ಕೊಪ್ಪಳಕ್ಕೆ ಹೋಗಿ ಬರುವುದರೊಳಗೆ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಮಾವ ಮಾತ್ರ ಮನೆ ಮುಟ್ಟಿದ್ದೇ ಪಾನಾ ಹಿಡಿದು ಟರ್ಬೊ ಬಿಚ್ಚತೊಡಗಿದ!

ಆಮೇಲೆ ಅದನ್ನು ಉದ್ದನೆಯ ಪೈಪು ಎಳೆದು ಹಿಂದಿನ ಸೀಟಿನ ಕೆಳಗೆ ಕೂರಿಸಿದ. ಅಷ್ಟು ದೂರ ಹೋದರೆ ಹೊಗೆಯ ರಭಸವೆಲ್ಲ ದಾರಿಯಲ್ಲೇ ಸತ್ತುಹೋಗುತ್ತದೆ ಎಂದು ಫಿಟ್ಟರು ತಲೆ ಚಚ್ಚಿಕೊಂಡ. ನಿಜವೇ. ಜೀಪು ಈಗ ಮೊದಲಿನ ಓಟ ಓಡುವುದಿಲ್ಲ. ಆದರೂ ಡಾಕ್ಟರು ಏಳುವುದರೊಳಗೆ ಮುಟ್ಟುತ್ತೇವೆ, ಅವ್ವ ತಕರಾರಿಲ್ಲದೆ ಬರುತ್ತಾಳೆ. ಇಂಥ ತಿಕ್ಕಲು ಮಾವನನ್ನು ಕೊಟ್ಟ ದೇವರಿಗೆ ನಾನು ದಿನಾ ಕೈ ಮುಗಿಯುತ್ತೇನೆ.

ಯಾಕೆಂದರೆ, ಟರ್ಬೊ ಬಿಚ್ಚುತ್ತಿದ್ದ ಆ ಸಂಜೆ ನಾನು ತಡೆಯಲಾರದೆ ಕೇಳಿದ್ದೆ, ಅಷ್ಟು ಒಳ್ಳೆಯ ಜಾಗ ಯಾಕೆ ಬಿಡುತ್ತಿ ಎಂದು. ಮಾವ ಎಡಗಾಲು ಎತ್ತಿ ತೋರಿಸಿದ. ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು.

"ಟರ್ಬೊ ಅಲ್ಲಿದ್ರ ಕಾಲಿಡೋ ತಗಡ ಭಾಳ ಕಾಯ್ತೈತಿ. ಸಕ್ಕರಿ ಬ್ಯಾನಿಗೆ ಅಕ್ಕನ ಅಂಗಾಲು ಜೋಮು ಹಿಡದಾವ, ಬಿಸಿ ಗೊತ್ತಾಗಂಗಿಲ್ಲ. ಸುಟ್ಟರೂ ಸುಮ್ನ ಕುಂತಿರ್ತಾಳ."

ನಾನು ಒಳಗಿನಿಂದ ಕೊಬ್ಬರಿ ಎಣ್ಣೆ ತಂದು, ಬ್ಯಾಡ ಬ್ಯಾಡ ಅಂದರೂ ಬಿಡದೆ, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹಚ್ಚಿದೆ.