ಅಣ್ಣನ ಬೋಳು ತಲೆ ಮತ್ತು ನಾನು ಕೇಳಿಸಿಕೊಂಡ ಮಾತು

ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವನು. ಜೇವರ್ಗಿಯ ಬಜಾರಿನಲ್ಲಿ ತೊಗರಿ ಚೀಲ ಹೊರಲು ಅಷ್ಟು ವಿದ್ಯೆ ಧಾರಾಳವಾಗಿ ಸಾಕು. ಹಮಾಲರ ಯೂನಿಯನ್ನಿನ ಮೆಂಬರಾಗಲೂ ಸಾಕೆಂದು ನಾನು ನಂಬಿದ್ದೆ. ಆ ನಂಬಿಕೆಯ ಫಲವನ್ನು ನನ್ನ ಅಣ್ಣ ಭೀಮಣ್ಣ ತನ್ನ ತಲೆಯ ಮೇಲೆ ಅನುಭವಿಸಿದ!

ಅಣ್ಣ ನಮ್ಮ ಯೂನಿಯನ್ನಿನ ಮುಖಂಡ. ನನ್ನ ಹೆಗಲಿಗೆ ಕೆಂಪು ಟವೆಲ್ ಹಾಕಿ, "ಇವತ್ತಿನಿಂದ ನೀನೂ ಮೆಂಬರ್. ಶಾಣ್ಯಾನಂಗ ಇರು" ಎಂದ. ಟವೆಲ್ ಹಾಕಿಕೊಳ್ಳುವುದು ಸುಲಭವಾಯಿತು.

ಆಗ ನಮ್ಮ ಬೇಡಿಕೆ ಒಂದೇ. ಊಟಕ್ಕೆ ಕೂಡಲು ಒಂದು ತಗಡಿನ ನೆರಳು. ನಾವೆಲ್ಲ ಲಾರಿಯ ಕೆಳಗೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಲಾರಿ ಹೊರಟಿತೆಂದರೆ ಬಾಯಲ್ಲಿ ತುತ್ತು, ಕೈಯಲ್ಲಿ ಚಟ್ನಿ ಹಿಡಿದು ಓಡಬೇಕು. ಶಿವರಾತ್ರಿ ಮುಗಿದು ಬಿಸಿಲು ಏರುತ್ತಿತ್ತು. ನಮ್ಮಿಂದ ಚೀಲ ಹೊರಿಸುವ ತೊಗರಿ ಸಾಹುಕಾರರು ಮಾತ್ರ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಒಂದು ಸಂಜೆ ಮೀಟಿಂಗು. ಕಲಬುರ್ಗಿಯಿಂದ ಬಂದ ಕನ್ನಡಕದ ಲೀಡರು ಅಚ್ಚ ಪುಸ್ತಕದ ಕನ್ನಡದಲ್ಲಿ ಮಾತಾಡಿ, ಕೊನೆಗೆ ಕೈ ಎತ್ತಿ, "ನಾಳೆಯಿಂದ ಮುಷ್ಕರ!" ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಎಲ್ಲರಿಗಿಂತ ಜೋರಾಗಿ ಹೊಡೆದೆ. ಆಮೇಲೆ ಪಕ್ಕದ ಕಾಸಿಮನನ್ನು ಕೇಳಿದೆ.

"ಏನಂದ್ರಲೇ?"

"ಮಸ್ಕಿರಿ ಅಂದ್ರು ಕಾಣಸ್ತದ" ಎಂದ ಕಾಸಿಮ. ಮಸ್ಕಿರಿ ಎಂದರೆ ನಮ್ಮ ಕಡೆ ತಮಾಷೆ. ನನಗೂ ಹಾಗೆಯೇ ಕೇಳಿಸಿತ್ತು. ಇಬ್ಬರಿಗೆ ಕೇಳಿಸಿದ ಮೇಲೆ ಸುಳ್ಳಾಗುವುದು ಹೇಗೆ?

ಮನೆಯಲ್ಲಿ ಹೆಂಡತಿ ಮಾದೇವಿ ಕೇಳಿದಳು. "ಮೀಟಿಂಗಿನ್ಯಾಗ ಏನಾತ್ರಿ?"

"ನಾಳಿಂದ ಎಲ್ಲಾರೂ ಕೂಡಿ ಸಾಹುಕಾರಗ ಮಸ್ಕಿರಿ ಮಾಡೋದದ."

"ಅದಕ್ಕ ಮೀಟಿಂಗ್ ಯಾಕ್ರಿ? ನಿಮ್ಮನ್ನ ಒಬ್ಬರನ್ನ ಕಳಸಿದ್ರ ಸಾಕಿತ್ತಲ್ಲ!"

ಮರುದಿನ ಬಜಾರಿನ ಗೇಟಿನ ಮುಂದೆ ಎಲ್ಲರೂ ಸಾಲಾಗಿ ಕೂತಿದ್ದರು. ಅಣ್ಣ ರುಮಾಲು ಬಿಚ್ಚಿ ನೆಲಕ್ಕಿಟ್ಟು, "ತಗಡಿನ ನೆರಳು ಬೀಳೋತನ ತಲಿಗಿ ರುಮಾಲು ಸುತ್ತಂಗಿಲ್ಲ!" ಎಂದು ಆಣೆ ಮಾಡಿದ. ಅಣ್ಣನ ತಲೆ ಪೂರ್ತಿ ಬೋಳು. ಬಿಸಿಲಿಗೆ ಹೊಸ ತಾಮ್ರದ ಕೊಡದಂತೆ ಹೊಳೆಯಿತು. ನಾನು ಬಿದ್ದು ಬಿದ್ದು ನಕ್ಕೆ.

"ನಗಬ್ಯಾಡಲೇ ಮಂಗ್ಯಾ!" ಎಂದು ಅಣ್ಣ ಹಲ್ಲು ಕಡಿದ. ಆಹಾ, ಮುಖ ಎಷ್ಟು ಗಂಭೀರ! ಮಸ್ಕಿರಿ ಮಾಡಿದರೆ ಹೀಗೆ ಮಾಡಬೇಕು ಎಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಸಾಹುಕಾರರು ನನ್ನನ್ನು ಸನ್ನೆ ಮಾಡಿ ಒಳಗೆ ಕರೆದರು. ಲಾರಿ ಬಂದು ನಿಂತಿತ್ತು. ಅವರ ಅಂಗಿ ಬೆವರಿಗೆ ತೊಯ್ದಿತ್ತು.

"ನಿಮ್ಮಣ್ಣ ಖರೇನೇ ಏಳಂಗಿಲ್ಲೇನೋ? ಹೋಗ್ಲಿ, ತಗಡು ಹಾಕಸ್ತೇನಿ ಅಂತ ಹೇಳು."

ಅಯ್ಯೋ ಪಾಪ ಅನ್ನಿಸಿತು. ದೊಡ್ಡ ಮನುಷ್ಯರನ್ನು ಇಷ್ಟು ಹೆದರಿಸಬಾರದು. "ಅಂಜಬ್ಯಾಡ್ರಿ ಸಾಹುಕಾರ್ರ. ಯಾರಿಗೂ ಹೇಳಬ್ಯಾಡ್ರಿ ಮತ್ತ. ಇದೆಲ್ಲಾ ಮಸ್ಕಿರಿ ಅದ್ರಿ. ಮೀಟಿಂಗಿನ್ಯಾಗೇ ಹಂಗ ಆಗ್ಯಾದ."

ಸಾಹುಕಾರರು ಎಲೆ ಅಡಿಕೆ ಬಾಯಿಗಿಟ್ಟುಕೊಂಡು ಹೊರಗೆ ಬಂದರು. ಅಣ್ಣನ ಬೋಳು ತಲೆಯನ್ನು ಪ್ರೀತಿಯಿಂದ ತಟ್ಟಿದರು.

"ಸಾಕೇಳು ಭೀಮಣ್ಣ. ನಿನ್ನ ತಮ್ಮ ಎಲ್ಲಾ ಹೇಳ್ಯಾನ. ಮಸ್ಕಿರಿ ಭಾಳ ಚಲೋ ಆತು. ಚೀಲ ಎತ್ರಿನ್ನ!"

ಇಡೀ ಸಾಲು ನನ್ನ ಕಡೆ ತಿರುಗಿತು. ಕಾಸಿಮ ಮಾತ್ರ ಆಕಾಶ ನೋಡತೊಡಗಿದ.

"ಏನ್ ಹೇಳೀಲೇ?" ಎಂದ ಅಣ್ಣ.

"ಲೀಡರ್ ಹೇಳಿದ್ದೇ ಹೇಳೀನಣ್ಣಾ. ಮಸ್ಕಿರಿ."

"ಮುಷ್ಕರಾಲೇ! ಮುಷ್ಕರ! ಹರತಾಳ!"

"ಹರತಾಳ ಅಂದಿದ್ರ ತಿಳೀತಿತ್ತಲ್ಲಣ್ಣಾ!"

ತಿಳಿದದ್ದು ತಡವಾಗಿತ್ತು. ನಾನು ಓಡಿಹೋಗಿ ಸಾಹುಕಾರರ ಕಾಲು ಹಿಡಿದೆ. "ಇದು ಖರೇ ಅದ್ರಿ, ನಂಬ್ರಿ!"

"ಭೇಷ್! ಅಣ್ಣನಕಿಂತ ತಮ್ಮ ಚಲೋ ಮಾಡ್ತಾನ!" ಎಂದು ಅವರು ಹೊಟ್ಟೆ ಹಿಡಿದು ನಕ್ಕರು. ತಗಡಿನ ಮಾತು ಅಲ್ಲಿಗೇ ನಿಂತಿತು.

ಅಂದೇ ಮುಗಿಯಬೇಕಾದ ಹರತಾಳ ಮುಂದುವರಿಯಿತು. ಅಣ್ಣನ ತಲೆ ಮೊದಲು ಕೆಂಪಾಯಿತು. ಆಮೇಲೆ ಹುರಿದ ಶೇಂಗಾದ ಹಾಗೆ ಸಿಪ್ಪೆ ಏಳತೊಡಗಿತು. ಮಾದೇವಿ ನನ್ನ ಕೈಗೆ ತಂಬಿಗೆ ಕೊಟ್ಟು, "ಭಾವಾರ ತಲಿಗಿ ಮಜ್ಜಿಗಿ ಹಚ್ಚಿ ಬರ್ರಿ. ನಿಮ್ಮ ಬಾಯಿಗೆ ಅರಿವಿ ತುರುಕ್ಕೊಂಡು ಹೋಗ್ರಿ" ಎಂದಳು. ಕೊಡೆ ಹಿಡಿದರೆ ಅಣ್ಣ, "ಆಣಿ ಮುರೀತದ" ಎಂದು ತಳ್ಳಿದ. ಕೊನೆಗೆ ನಾನೇ ಅವನ ಹಿಂದೆ ನಿಂತು ನನ್ನ ನೆರಳು ಕೊಟ್ಟೆ. ನಾನು ಕಡ್ಡಿಯಂಥವನು. ನೆರಳು ಅಣ್ಣನ ಒಂದು ಕಿವಿಗಷ್ಟೇ ಸಾಕಾಯಿತು. ಸೂರ್ಯ ನೆತ್ತಿಗೆ ಬಂದಾಗ ಅದೂ ನನ್ನ ಕಾಲಡಿಗೇ ಬಂದು ಕೂತಿತು!

ಅಣ್ಣ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ನೀ ಕೂಡು, ಕಾಲು ನೋಯ್ತಾವ" ಎಂದ. ಆ ಮಾತು ನನಗೆ ಇಂದಿಗೂ ಚುಚ್ಚುತ್ತದೆ.

ಕಾದು ಕಾದು ಲಾರಿಯವನು ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ಖಾಲಿ ಲಾರಿ ಮಸ್ಕಿರಿ ಮಾಡುವುದಿಲ್ಲ. ಆಗ ಸಾಹುಕಾರರ ನಗೆ ನಿಂತಿತು. ತಗಡಿನ ನೆರಳು ಬಿತ್ತು.

ಮೊದಲ ದಿನ ಎಲ್ಲರೂ ನೆರಳಲ್ಲಿ ಕೂತು ರೊಟ್ಟಿ ಬಿಚ್ಚಿದರು. ನಾನು ಮರ್ಯಾದೆಯಿಂದ ಬಿಸಿಲಲ್ಲೇ ನಿಂತೆ. ಅಣ್ಣ ಹೊಸದಾಗಿ ಸುತ್ತಿದ ರುಮಾಲು ಸರಿ ಮಾಡಿಕೊಳ್ಳುತ್ತ, "ಬಾರಲೇ, ಕೂಡು. ಇದು ಮಸ್ಕಿರಿ ಅಲ್ಲ" ಎಂದು ಜಾಗ ಕೊಟ್ಟ. ನನ್ನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಊಟಕ್ಕೆಂದು ಬಂದಿದ್ದ ಕಲಬುರ್ಗಿಯ ಲೀಡರು ಎದ್ದು ನಿಂತು, "ಸಾಹುಕಾರರು ಮಾಡಿದ ವಿಳಂಬವನ್ನು ಎಲ್ಲರೂ ಸೇರಿ ಉಗ್ರವಾಗಿ ಖಂಡಿಸೋಣ!" ಎಂದರು.

ನಾನು ಕಾಸಿಮನ ಕಿವಿಯಲ್ಲಿ, "ಖಂಡದ ಊಟ ಯಾವತ್ತಂತಲೇ?" ಎಂದು ಕೇಳಲು ಬಾಯಿ ತೆರೆದೆ. ಅಣ್ಣ ಅರ್ಧ ರೊಟ್ಟಿ ಅದರೊಳಗೆ ತುರುಕಿದ.