ಧಾರೇಶ್ವರದ ಒಂದು ಗಾಳಿಮರ ಹಾಗೂ ಅದರ ಅರವತ್ತಮೂರು ಕಾರುಗಳ ಕುರಿತು

ಹಸಿರು ವಾಹನ ಹೇಳಿಕೆಗಳ ಸಮಾಧಾನ ಕೋಶ, ಕರಾವಳಿ ಉಪವಿಭಾಗ
ಸುತ್ತೋಲೆ ಸಂಖ್ಯೆ: ಹವಾಹೇ/ಕುಮಟಾ/ಮರ-1/ಕಾರು-63/2024-25

ವಿಷಯ: ಬಾಡಿಗೆ ಕಾರಿನ ಚಾಲಕ ಶ್ರೀ ಮಾಬ್ಲೇಶ್ವರ ಇವರು ತಮ್ಮ ಕಾರಿನ ಪಾಲಿನ ಮರವನ್ನು ಕಣ್ಣಾರೆ ಕಂಡೇ ತೀರುವೆನೆಂದು ಹಟ ಹಿಡಿದಿದ್ದ ಬಗ್ಗೆ.

ಉಲ್ಲೇಖ:
1) ಕಾರು ಕಂಪನಿಯ ಜಾಹೀರಾತು: ‘ಓಡಿಸಿದಷ್ಟೂ ಗಾಳಿ ಶುದ್ಧ. ಪ್ರತಿ ಕಾರಿಗೂ ಒಂದು ಹೊಸ ಮರ.’
2) ಸದರಿಯವರ ದೂರು.
3) ದೂರು ಏನಾಯಿತೆಂದು ಸದರಿಯವರು ಬರೆದ ನಾಲ್ಕು ಜ್ಞಾಪನಗಳು.
4) ಅವುಗಳಿಗೆ ಈ ಕೋಶದ ಮೌನ.

ಪೀಠಿಕೆ:

ಕುಮಟಾ ರೈಲು ನಿಲ್ದಾಣದಿಂದ ಓಂ ಬೀಚಿಗೆ ಬಾಡಿಗೆ ಹೊಡೆಯುವ ಸದರಿ ಮಾಬ್ಲೇಶ್ವರರು, ಉಲ್ಲೇಖ (1)ನ್ನು ನಂಬಿ ಕಾರು ಕೊಂಡಿದ್ದಲ್ಲದೆ, ಹತ್ತಿದ ಪ್ರತಿ ಪ್ರಯಾಣಿಕರಿಗೂ ಎರಡು ವರ್ಷ ಅದನ್ನೇ ಹೆಮ್ಮೆಯಿಂದ ಹೇಳುತ್ತ ಬಂದಿರುತ್ತಾರೆ. ಹೊನ್ನಾವರದ ಶಿಕ್ಷಕಿ ಧನ್ಯಾ ಎಂಬವರು ಹಿಂದಿನ ಸೀಟಿನಲ್ಲಿ ಕೆಮ್ಮುತ್ತ, “ಅಲ್ಲಾ ಮಾಬ್ಲೇಶ್ವರಣ್ಣ, ನಿಮ್ಮ ಆ ಮರ ಎಲ್ಲಿ? ಒಂದ್ ಸಲ ತೋರ್ಸಿ ನೋಡ್ವ” ಎಂದದ್ದೇ ತಡ, ಸದರಿಯವರ ತಲೆಗೆ ಹುಳ ಹೊಕ್ಕಿರುತ್ತದೆ. ಕಂಪನಿ ಕೊಟ್ಟ ವೃಕ್ಷ ಪ್ರಮಾಣಪತ್ರ ಹಿಡಿದು ಅವರು ಧಾರೇಶ್ವರದ ಕಡಲ ದಂಡೆಗೆ ಹೋಗಲಾಗಿ, ಅಲ್ಲಿ ಒಂದೇ ಒಂದು ಗಾಳಿಮರವಿದ್ದು, ಅದರ ಮೈತುಂಬ ಅರವತ್ತಮೂರು ಕಾರುಗಳ ನಂಬರಿನ ತಗಡು ಹೊಡೆದಿರುವುದು ಕಂಡುಬಂದಿದೆ. ಅಡಿಯಲ್ಲಿ ತರಗು ಗುಡಿಸುತ್ತಿದ್ದ ಗಂಗಿ ಎಂಬ ವೃದ್ಧೆಯೊಬ್ಬರು, “ಈ ಮರ ನಾ ಮದಿಯಾಗಿ ಗಂಡನ ಮನಿಗೆ ಬರುವಾಗ್ಲೇ ಇತ್ತು. ಎಂತ ಹೊಸ ಮರನೋ ಮಾರಾಯ!” ಎಂದು ನಕ್ಕಿರುತ್ತಾರೆ. ನಗುವ ಮುನ್ನ ಅನುಮತಿ ಪಡೆದಿರುವುದಿಲ್ಲ.

ಇದರ ಮೇಲೆ ಸದರಿಯವರು ದೂರು ನೀಡಲಾಗಿ, ವಿಚಾರಣೆಯಲ್ಲಿ ಅವರ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: “ನಂಗೆ ಮರನೂ ಬೇಡ, ಮಣ್ಣೂ ಬೇಡ ಸಾಹೇಬ್ರೆ. ಎರಡ್ ವರ್ಷ ಜನರ ಎದುರು ಆಡಿದ್ದೆಲ್ಲ ಸುಳ್ಳಾತು. ಈಗ ಸ್ಟೇಷನ್ನಲ್ಲಿ ಮುಖ ಎತ್ತೂಕೆ ನಾಚ್ಕೆ. ಇದು ಕಂಪನಿ ಹೇಳಿದ್ ಸುಳ್ಳು, ಮಾಬ್ಲೇಶ್ವರ ಕಟ್ಟಿದ್ದಲ್ಲ ಅಂತ ಒಂದ್ ಸಾಲು ಬರ್ದು ಕೊಡಿ, ಸಾಕು.” ಈ ಹಂತದಲ್ಲಿ ಸದರಿಯವರು ಕಣ್ಣೊರೆಸಿಕೊಂಡಿದ್ದು, ಕಾರಣ ತಿಳಿಯಲು ಉಪಸಮಿತಿ ರಚಿಸಲಾಗಿದೆ.

ಮೇಲಿನ ಎಲ್ಲವನ್ನೂ ಕೂಲಂಕಷವಾಗಿ ಬದಿಗಿರಿಸಿ, ಈ ಕೆಳಗಿನಂತೆ ಆದೇಶಿಸಲಾಗಿದೆ:

1. ಹೊಗೆ ತಪಾಸಣೆ ಮಾಡುವ ಸಿಬ್ಬಂದಿ ಕಾರಿನ ಮುಂದುಗಡೆಯೇ ನಿಲ್ಲತಕ್ಕದ್ದು. ಜಾಹೀರಾತಿನ ಚಿತ್ರವನ್ನು ಮುಂದಿನಿಂದ ತೆಗೆಯಲಾಗಿದ್ದು, ಹಿಂಬದಿಯ ಬಗ್ಗೆ ಕಂಪನಿ ಯಾವ ಭರವಸೆಯನ್ನೂ ನೀಡಿರುವುದಿಲ್ಲ.

2. ಮರಗಳನ್ನು ಲೆಕ್ಕ ಹಾಕುವಾಗ ತಗಡುಗಳನ್ನು ಎಣಿಸತಕ್ಕದ್ದು, ಬೇರುಗಳನ್ನಲ್ಲ. ಅದರಂತೆ ಧಾರೇಶ್ವರದ ಸದರಿ ಗಾಳಿಮರವನ್ನು ಇಂದಿನಿಂದ ‘ಕಾಡು’ ಎಂದು ಪರಿಗಣಿಸಲಾಗಿದೆ.

3. ಸದರಿ ಕಾಡಿನ ನೆರಳನ್ನು ಅರವತ್ತಮೂರು ಮಾಲೀಕರು ಸರದಿಯಂತೆ ಬಳಸತಕ್ಕದ್ದು. ಶ್ರೀ ಮಾಬ್ಲೇಶ್ವರರಿಗೆ ಪ್ರತಿ ತಿಂಗಳ ನಾಲ್ಕನೇ ಮಂಗಳವಾರ ಸಂಜೆ ಆರೂವರೆಯಿಂದ ಏಳರವರೆಗೆ ಅವಕಾಶ. ಅಷ್ಟೊತ್ತಿಗೆ ಸೂರ್ಯ ಮುಳುಗಿದ್ದರೆ ಕೋಶ ಜವಾಬ್ದಾರಿಯಲ್ಲ.

4. ಶುದ್ಧ ಗಾಳಿಯ ಕಾರಿನಲ್ಲಿ ಕೆಮ್ಮುವುದು ಕಂಪನಿಯ ಘನತೆಗೆ ಕುಂದು. ಕೆಮ್ಮು ಬಂದವರು ಇಳಿದು, ಬೇರೆ ಕಂಪನಿಯ ಕಾರಿನ ಪಕ್ಕದಲ್ಲಿ ನಿಂತು ಕೆಮ್ಮತಕ್ಕದ್ದು.

5. ಇನ್ನು ಹೊಣೆಗಾರಿಕೆಯ ವಿಚಾರ. ಕಂಪನಿಯ ಜಾಹೀರಾತಿನ ಅಡಿಯಲ್ಲಿ, ಇರುವೆಯೂ ಕಣ್ಣು ಕಿರಿದುಗೊಳಿಸಿ ಓದಬೇಕಾದ ಅಕ್ಷರಗಳಲ್ಲಿ, ‘ಇದು ಕೇವಲ ಕಲ್ಪನೆ’ ಎಂದು ಮುದ್ರಿಸಲಾಗಿದೆ. ಆದ್ದರಿಂದ ಕಂಪನಿ ಯಾರಿಗೂ ಏನನ್ನೂ ಹೇಳಿಲ್ಲವೆಂದು ತೀರ್ಮಾನಿಸಲಾಗಿದೆ. ಆದರೆ ಶ್ರೀ ಮಾಬ್ಲೇಶ್ವರರು ಅದೇ ಮಾತನ್ನು ಬಾಯಿಬಿಟ್ಟು, ದೊಡ್ಡ ದನಿಯಲ್ಲಿ, ಯಾವ ಸಣ್ಣಕ್ಷರವೂ ಇಲ್ಲದೆ ಹೇಳಿರುತ್ತಾರೆ. ಗ್ರಾಹಕರ ದಾರಿ ತಪ್ಪಿಸಿದ ಪ್ರಚಾರಕರು ಅವರೇ ಎಂದು ಈ ಮೂಲಕ ಘೋಷಿಸಲಾಗಿದೆ.

6. ಸದರಿಯವರು ಬೇಡಿದ ಒಂದು ಸಾಲನ್ನು ಮಾನವೀಯ ನೆಲೆಯಲ್ಲಿ ಮಂಜೂರು ಮಾಡಲಾಗಿದೆ. ಅದು ಹೀಗಿರತಕ್ಕದ್ದು: ‘ಈ ಸುಳ್ಳು ನನ್ನದು. ಕಂಪನಿಗೆ ಸಂಬಂಧವಿಲ್ಲ. ಇಂತಿ ಮಾಬ್ಲೇಶ್ವರ.’ ಇದನ್ನು ಏಳು ದಿನದೊಳಗೆ ಕಾರಿನ ಹಿಂದಿನ ಗಾಜಿನ ಮೇಲೆ, ಸ್ಟೇಷನ್ನಿನ ಎಲ್ಲರಿಗೂ ಕಾಣುವಂತೆ ಬರೆಸತಕ್ಕದ್ದು. ತಪ್ಪಿದಲ್ಲಿ ಬಾಡಿಗೆ ಪರವಾನಗಿ ರದ್ದು. ಏಳು ದಿನಗಳನ್ನು ಹೋದ ಸೋಮವಾರದಿಂದ ಎಣಿಸತಕ್ಕದ್ದು.

ಸಹಿ/-
(ಓದಲು ಬಾರದು)
ಸಮಾಧಾನಾಧಿಕಾರಿ (ಪ್ರಭಾರ)

ಪ್ರತಿಗಳು:
1) ಕಾರು ಕಂಪನಿಯ ವ್ಯವಸ್ಥಾಪಕರಿಗೆ: ಮಾಹಿತಿಗಾಗಿ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆಯೊಂದಿಗೆ.
2) ಶಿಕ್ಷಕಿ ಧನ್ಯಾ ಇವರಿಗೆ: ಮುಂದೆ ಪ್ರಶ್ನೆಗಳನ್ನು ತರಗತಿಯೊಳಗೆ ಮಾತ್ರ ಕೇಳುವಂತೆ ತಿಳಿವಳಿಕೆಗಾಗಿ.
3) ಗಂಗಿ ಇವರಿಗೆ: ನಗುವಿನ ಅನುಮತಿ ಅರ್ಜಿ ನಮೂನೆಯೊಂದಿಗೆ.
4) ಗಾಳಿಮರಕ್ಕೆ: ಮೊಳೆ ಹೊಡೆದು ಜಾರಿ ಮಾಡಲು.
5) ಶ್ರೀ ಮಾಬ್ಲೇಶ್ವರ ಇವರಿಗೆ: ಪರಿಸರ ಕಾಳಜಿಯಿಂದ ಕಾಗದ ಉಳಿಸಲಾಗಿದ್ದು, ಪ್ರತಿ ಕಳುಹಿಸಿರುವುದಿಲ್ಲ.