ಷಡ್ಡಕನ ಮನೆಯ ಮಂಜು

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಇರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಇನ್ನೊಬ್ಬರ ಬಂಗಲೆ ನೋಡಿಯೋ, ಕಾರು ನೋಡಿಯೋ, ಅವರ ಮಗಳಿಗೆ ಸಿಕ್ಕ ಮೆಡಿಕಲ್ ಸೀಟು ನೋಡಿಯೋ ಹೊಟ್ಟೆ ಉರಿದರೆ ಅದಕ್ಕೊಂದು ಅರ್ಥವಿದೆ. ನಾಲ್ಕು ಜನರ ಮುಂದೆ ಹೇಳಿಕೊಂಡರೆ ಅವರೂ "ಹೌದ್ರಿ, ನಮಗೂ ಹಂಗಽ ಆಗ್ತೈತಿ" ಎಂದು ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿಕೊಳ್ಳುತ್ತಾರೆ. ನನ್ನ ಹೊಟ್ಟೆ ಉರಿದದ್ದು ಮಂಜಿಗಾಗಿ. ಅದೂ ಊಟಿಯ ಮಂಜಲ್ಲ, ಮಡಿಕೇರಿಯದಲ್ಲ. ನನ್ನ ಷಡ್ಡಕನ, ಎಂದರೆ ಹೆಂಡತಿಯ ತಂಗಿಯ ಗಂಡನ ಮನೆಯ ಹಳೆಯ ಕಂಪ್ಯೂಟರಿನೊಳಗಿನ ಮಂಜು. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ? ಒಮ್ಮೆ ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟೆ. ಸಂಸ್ಕೃತದ ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಾ ಚಹಾದ ಕಪ್ಪನ್ನು ಸ್ವಲ್ಪ ಆಚೆ ಸರಿಸಿಕೊಂಡರು.

ನಾನು ಭೂಗೋಳ ಕಲಿಸುವವನು. ಮಂಜು ಹೇಗೆ ಹುಟ್ಟುತ್ತದೆ ಎಂಬುದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತೇನೆ. ನೆಲ ತಣ್ಣಗಾಗುತ್ತದೆ, ಅದರ ಮೇಲಿನ ಗಾಳಿ ತಣ್ಣಗಾಗುತ್ತದೆ, ಗಾಳಿಯಲ್ಲಿನ ಆವಿ ಹನಿಗಟ್ಟುತ್ತದೆ. ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಮಂಜು ಹಂಚಿದ ನನ್ನ ಕೈಯಲ್ಲಿ, ಸಪ್ತಾಪುರದ ನನ್ನದೇ ಮನೆಯಲ್ಲಿ, ನನ್ನದೇ ಮೇಜಿನ ಮೇಲೆ ಒಂದು ಹಿಡಿ ಮಂಜು ನೆಟ್ಟಗೆ ಹುಟ್ಟಿಸುವುದು ಆಗಲಿಲ್ಲ.

ಮದುವೆಯಾದ ಹೊಸದರಲ್ಲಿ ನಾವೊಂದು ಕಂಪ್ಯೂಟರ್ ಕೊಂಡಿದ್ದೆವು. ಅದರಲ್ಲೊಂದು ವಿಮಾನದ ಆಟ. ಪುಟ್ಟ ವಿಮಾನದಲ್ಲಿ ಟಪಾಲು ಹೇರಿಕೊಂಡು, ಮಂಜು ಮುಸುಕಿದ ಗುಡ್ಡಗಳ ನಡುವೆ ಹಾರಿ, ಊರೂರಿಗೆ ಮುಟ್ಟಿಸಬೇಕು. ನಾನು ಗುಡ್ಡಕ್ಕೆ ಡಿಕ್ಕಿ ಹೊಡೆಯುತ್ತಿದ್ದೆ, ಹೆಂಡತಿ ಸುನಂದಾ ಟಪಾಲು ಮುಟ್ಟಿಸುತ್ತಿದ್ದಳು. ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು ಆಡುತ್ತಿದ್ದೆವು ಎಂದರೆ ಆಗ ನಾವಿಬ್ಬರೂ ಎಷ್ಟು ತೆಳ್ಳಗಿದ್ದೆವು ಎಂಬುದು ನಿಮಗೆ ತಿಳಿಯುತ್ತದೆ. ಆಮೇಲೆ ಸಂಸಾರ ಬೆಳೆಯಿತು, ಕಂಪ್ಯೂಟರ್ ಅಟ್ಟ ಸೇರಿತು. ಈಗ ಹಳೆಯ ಆಟವನ್ನು ಹಳೆಯ ಯಂತ್ರದಲ್ಲೇ ಆಡುವ ಗೀಳು ಜಗತ್ತಿಗೇ ಹತ್ತಿದೆಯಲ್ಲ, ನನಗೂ ಹತ್ತಿತು. ಅಟ್ಟದಿಂದ ಇಳಿಸಿ, ಜೇಡರ ಬಲೆ ತೆಗೆದು ಗುಂಡಿ ಒತ್ತಿದೆ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಸಣ್ಣಗೊಮ್ಮೆ ಚಿಟ್ಟೆಂದು ಪ್ರಾಣ ಬಿಟ್ಟಿತು. ಗೆಳೆಯನೊಬ್ಬನ ಬಳಿ ಅದೇ ಕಾಲದ ಇನ್ನೊಂದು ಕಂಪನಿಯ ಕಾರ್ಡು ಬಿದ್ದಿತ್ತು, ತಂದು ಹಾಕಿದೆ. ಆಟ ಬಂತು, ವಿಮಾನ ಬಂತು, ಗುಡ್ಡವೂ ಬಂತು. ಮಂಜು ಮಾತ್ರ ತಿರುಗಾಮುರುಗಾ ಬಂತು. ಹತ್ತಿರದ್ದೆಲ್ಲ ಮಂಜು, ದೂರದ್ದೆಲ್ಲ ಸ್ವಚ್ಛ! ನಾನು ಕೂತ ವಿಮಾನದ ರೆಕ್ಕೆ ನನಗೆ ಕಾಣುವುದಿಲ್ಲ. ಎಲ್ಲೋ ದಿಗಂತದ ಗುಡ್ಡ, ಅದರ ನೆತ್ತಿಯ ಒಂಟಿ ಮರ, ಈಗಷ್ಟೇ ತೊಳೆದಿಟ್ಟ ಹಾಗೆ ಹೊಳೆಯುತ್ತಿವೆ.

ಆದರೂ ಸಹಿಸಿಕೊಂಡಿದ್ದೆ. ನಡುವೆ ಬಸಣ್ಣ ಬಂದ. ನನ್ನ ಷಡ್ಡಕ ಇವನೇ. ಎದುರಿಗೆ 'ಬಸಣ್ಣಾರ' ಎನ್ನುತ್ತೇನೆ. ಬರೆಯುವಾಗ 'ಅವನು' ಎನ್ನುವುದಷ್ಟೇ ನಾನು ತೀರಿಸಿಕೊಳ್ಳಬಹುದಾದ ಸೇಡು. ತಾರಿಹಾಳದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ಅವನದು. ಅವನ ಹೆಂಡತಿ, ಎಂದರೆ ಸುನಂದಾಳ ತಂಗಿ, ಮಂಜುಳಾ; ಹುಟ್ಟಿದಾಗಿನಿಂದ ಮನೆಯವರ ಬಾಯಲ್ಲಿ ಮಂಜು. ಈ ಸಂಗತಿಯನ್ನು ನೀವು ನೆನಪಿಟ್ಟುಕೊಳ್ಳಿ, ನಾನು ಇಟ್ಟುಕೊಳ್ಳಲಿಲ್ಲ. "ಸರ, ಕಾರ್ಖಾನ್ಯಾಗ ಒಂದ ಹಳೇ ಕಂಪ್ಯೂಟರ್ ಬಿದ್ದೈತಿ, ನಿಮ್ಮ ಆಟದ ಸಿ.ಡಿ. ಕೊಡ್ರಿ, ಒಮ್ಮೆ ಹಚ್ಚಿ ನೋಡ್ತೇನಿ" ಎಂದು ಒಯ್ದ. ಮುಂದಿನ ಭಾನುವಾರ ಹುಬ್ಬಳ್ಳಿಯ ಅವನ ಮನೆಗೆ ಊಟಕ್ಕೆ ಹೋದೆವು. ಹೋಗಿ ನೋಡುತ್ತೇನೆ, ಕಾರ್ಖಾನೆಯಿಂದ ಮನೆಗೆ ತಂದಿಟ್ಟ ಅವನ ಪರದೆಯ ಮೇಲೆ ಮಂಜು! ಕಣಿವೆಯಿಂದ ಎದ್ದು, ಗುಡ್ಡದ ಸೊಂಟಕ್ಕೆ ಸುತ್ತಿ, ದೂರ ಹೋದಂತೆ ಹದವಾಗಿ ದಟ್ಟವಾಗುವ, ಬೆಣ್ಣೆಯಂಥ ಮಂಜು. ಅವನು ಪಟ್ಟ ಕಷ್ಟವಾದರೂ ಏನು? ಸಿ.ಡಿ. ಹಾಕಿದ, ಮಂಜು ಬಂತು. ಅಷ್ಟೇ. ಕಷ್ಟಪಟ್ಟು ಪಡೆದಿದ್ದರೆ ಕ್ಷಮಿಸಬಹುದಿತ್ತು.

ಸುನಂದಾ ಕೈಯಲ್ಲಿದ್ದ ತಾಟನ್ನು ಹಾಗೇ ಹಿಡಿದುಕೊಂಡು ಪರದೆಯ ಮುಂದೆ ನಿಂತಳು. "ಅಯ್ಯ, ನೋಡ್ರಿ ಇಲ್ಲೆ! ಹಿಂಗಽ ಇತ್ತಲ್ರಿ ನಮ್ಮ ಮನ್ಯಾಗೂ?" ಎಂದಳು. ಆ 'ಇತ್ತಲ್ರಿ'ಯಲ್ಲಿನ ಭೂತಕಾಲ ನನ್ನ ಎದೆಗೆ ನಾಟಿತು. ಅಂದಿನಿಂದ ಅವಳು ಭಾನುವಾರ ಬಂತೆಂದರೆ ಹುಬ್ಬಳ್ಳಿಯ ಬಸ್ಸು ಹತ್ತತೊಡಗಿದಳು. ಅಕ್ಕತಂಗಿ ಕೂಡಿ ಟಪಾಲು ಮುಟ್ಟಿಸುವುದು, ಬಸಣ್ಣ ಪಕ್ಕದಲ್ಲಿ ನಿಂತು ಚಹಾ ಮುಟ್ಟಿಸುವುದು. ನನ್ನ ಕುರ್ಚಿಯ ಅರ್ಧ ಭಾಗ ಖಾಲಿ ಬಿತ್ತು. ಈಗಿನ ನನ್ನ ಗಾತ್ರಕ್ಕೆ ಆ ಅರ್ಧ ಖಾಲಿ ಇರುವುದಿಲ್ಲ ಎಂಬುದು ಬೇರೆ ಮಾತು. ಆದರೂ ಖಾಲಿ ಅನ್ನಿಸಿತು. ನನಗೆ ನಿಜವಾಗಿ ಬೇಕಾಗಿದ್ದುದು ಇಷ್ಟೇ: ಅವಳು ನಮ್ಮ ಪರದೆಯ ಮುಂದೂ ಒಮ್ಮೆ ತಾಟು ಹಿಡಿದುಕೊಂಡು 'ಅಯ್ಯ!' ಎನ್ನಬೇಕು.

ಹಳೆಯ ಆಟಗಳಲ್ಲಿ ಮಂಜು ಇರುವುದೇಕೆ ಎಂದು ನಿಮಗೆ ಹೇಳಬೇಕು. ಆಗಿನ ಯಂತ್ರಗಳು ಬಡವರು. ದೂರದ ಗುಡ್ಡ ಮನೆ ಮರ ಎಲ್ಲವನ್ನೂ ಚಿತ್ರಿಸುವಷ್ಟು ತ್ರಾಣ ಅವಕ್ಕಿರಲಿಲ್ಲ. ಅದಕ್ಕೇ ಸ್ವಲ್ಪ ದೂರದವರೆಗೆ ಬರೆದು, ಮುಂದಕ್ಕೆ ಮಂಜು ಎಳೆದುಬಿಡುತ್ತಿದ್ದರು. ನಾನು ಹುಡುಗನಾಗಿದ್ದಾಗ ನಮ್ಮ ಬಾಡಿಗೆ ಮನೆಯಲ್ಲೂ ಹೀಗೇ ಇತ್ತು. ಬೀಗರು ಬರುತ್ತಾರೆಂದರೆ ಅವ್ವ ಪಡಸಾಲೆಗೂ ಅಡುಗೆಮನೆಗೂ ನಡುವೆ ಹೂವಿನ ಪರದೆಯೊಂದನ್ನು ಎಳೆಯುತ್ತಿದ್ದಳು. ಪರದೆಯ ಆಚೆ ಬಹಳ ದೊಡ್ಡ ಮನೆ ಇದೆಯೆಂದು ಬೀಗರು ತಿಳಿಯುತ್ತಿದ್ದರು. ಆಚೆ ಇದ್ದದ್ದು ಒಂದು ಸ್ಟೋವು, ಒಂದು ಬಚ್ಚಲು. ಈಗ ನನ್ನ ಕಾರ್ಡು ಮಾಡುತ್ತಿದ್ದದ್ದು ಬೀಗರ ಮುಖದ ಮೇಲೇ ಪರದೆ ಎಳೆದು, ಬಚ್ಚಲನ್ನು ದೀಪ ಹಚ್ಚಿ ತೋರಿಸಿದ ಹಾಗೆ.

ಮಂಜಿನ ಬೇಟೆಗೆ ಹೊರಟೆ. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಓಣಿಯೊಂದರಲ್ಲಿ ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಯಿದೆ. ಅಂಗಡಿಯವನಿಗೆ ನನ್ನ ತೊಂದರೆ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, "ದೂರದ್ದು ಸ್ವಚ್ಛ ಕಾಣತೈತಿ ಅಂತ ತಕರಾರೇನ್ರಿ ನಿಮ್ದು?" ಎಂದ.

"ಹೌದ್ರಿ. ಮಸುಕ ಕಾಣ್ಬೇಕು."

"ಸರ, ಇಷ್ಟ ವರ್ಷದಾಗ ಎಲ್ಲಾರೂ ಸ್ವಚ್ಛ ಕಾಣಲಿ ಅಂತ ಬರ್ತಾರ್ರಿ. ಮಸುಕ ಮಾಡಿ ಕೊಡು ಅಂತ ಬಂದಾವ್ರು ನೀವಽ ಮೊದಲ. ಚಷ್ಮಾ ತಗದು ನೋಡ್ರಲಾ!"

ನೋಡಿದ್ದೆ, ಅದನ್ನು ಅವನಿಗೆ ಹೇಳಲಿಲ್ಲ. ಬುಟ್ಟಿಯಲ್ಲಿ ಬಿದ್ದಿದ್ದ ಮೂರು ಕಾರ್ಡು ಆರಿಸಿಕೊಂಡು ಬಂದೆ. ನಮ್ಮ ಮೈಯಲ್ಲಿನ ವಿದ್ಯುತ್ತು ತಗುಲಿದರೆ ಕಾರ್ಡು ಸಾಯುತ್ತದೆ ಎಂದು ಎಲ್ಲೋ ಓದಿದ್ದೆ. ಓದಿದ್ದೆಲ್ಲ ನನ್ನ ಮೈಗೇ ಬರುತ್ತದೆಂದು ನಂಬುವ ಜಾತಿ ನಾನು. ಆದ್ದರಿಂದ ಮರದ ಮಣೆಯ ಮೇಲೆ ನಿಂತು, ಒಂದೊಂದು ಸ್ಕ್ರೂ ಬಿಚ್ಚಿದಾಗಲೂ ಹೋಗಿ ಬಚ್ಚಲಿನ ನಲ್ಲಿ ಮುಟ್ಟಿ ಬರುತ್ತಿದ್ದೆ. ಆಗಷ್ಟೇ ನಮ್ಮಲ್ಲಿ ನಾಲ್ಕು ದಿನ ಇರಲು ಬಂದಿದ್ದ ನನ್ನ ಅತ್ತೆ ಇದನ್ನು ನೋಡಿ, "ಏನವಾ ಸುನಂದಾ, ಅಳಿಯಂದ್ರು ಮಡಿ ಗಿಡಿ ಶುರು ಮಾಡ್ಯಾರೇನ?" ಎಂದು ಕಳವಳದಿಂದ ಕೇಳಿದರು.

ಒಂದನೆಯ ಕಾರ್ಡಿನಲ್ಲಿ ಮಂಜು ಇಳಕಲ್ ಸೀರೆಯ ದಡಿಯಂತೆ ಪಟ್ಟೆಪಟ್ಟೆಯಾಗಿ ಬಂತು. ಎರಡನೆಯದರಲ್ಲಿ ಇಡೀ ಪರದೆ ಹಾಲು ಚೆಲ್ಲಿದಂತಾಗಿ ವಿಮಾನವೂ ಇಲ್ಲ, ಊರೂ ಇಲ್ಲ. ಮೂರನೆಯದರಲ್ಲಿ ಮಂಜೇ ಇಲ್ಲ. ದೂರದ ಗುಡ್ಡಗಳು ಬುಡವಿಲ್ಲದೆ ಗಾಳಿಯಲ್ಲಿ ತೇಲುತ್ತಿದ್ದವು. ಮತ್ತೆ ಗೆಳೆಯನ ಆ ತಿರುಗಾಮುರುಗಾ ಕಾರ್ಡನ್ನೇ ಹಾಕಿ ಕೂತೆ. ಸುನಂದಾ ಹಿಂದಿನಿಂದ ನೋಡಿ, "ನಿಮ್ಮ ಕಾರ್ಡಿಗೂ ನಿಮಗೂ ಒಂದಽ ಜಡ್ಡು ನೋಡ್ರಿ. ಹತ್ತರದ್ದು ಕಣ್ಣಿಗೆ ಕಾಣಂಗಿಲ್ಲ, ಹುಬ್ಬಳ್ಳ್ಯಾಗಿಂದು ಲಖಲಖ ಹೊಳೀತೈತಿ" ಎಂದು ಒಳಗೆ ಹೋದಳು.

ಆ ಮಾತಿನ ಬಿಸಿಯಲ್ಲೇ ಬಸಣ್ಣನಿಗೆ ಫೋನು ಹಚ್ಚಿದೆ. ಅವನ ಕಾರ್ಡನ್ನು ಒಂದು ವಾರ ಇಲ್ಲಿ ಹಾಕಿ ನೋಡಬೇಕೆಂದು ನನ್ನ ಆಲೋಚನೆ. ಪಡಸಾಲೆಯಲ್ಲಿ ಅತ್ತೆ ಮೆಂತ್ಯಪಲ್ಲೆ ಸೋಸುತ್ತಾ ಕೂತಿದ್ದರು. ಅವರಿಗೆ ಕೇಳಿಸಿದ್ದು ನನ್ನ ಮಾತು ಮಾತ್ರ.

"ಬಸಣ್ಣಾರ, ಖರೇ ಹೇಳ್ತೇನಿ, ನಿಮ್ಮ ಮನ್ಯಾಗಿನ ಮಂಜು ನೋಡಿದಾಗಿಂದ ನನಗ ಜೀವಕ್ಕ ಸಮಾಧಾನ ಇಲ್ಲರಿ. ಎಷ್ಟ ನಾಜೂಕ! ನಮ್ಮ ಮನ್ಯಾಗಿಂದು ಏನ್ ಹೇಳ್ಲಿ, ಹತ್ರ ಬಂದಂಗ ದಪ್ಪ ಆಕ್ಕೋತ ಹೊಂಟೈತಿ. ಹಳೇದಾತ್ರಿ. ಸ್ವಲ್ಪ ಕೆಲಸ ಹಚ್ಚಿದ್ರ ಸಾಕು, ಕಾವು ಏರಿ ಗುರ್ ಅಂತೈತಿ... ಹಂಗಾದ್ರ ಹಿಂಗ ಮಾಡೂಣು. ಒಂದ ವಾರ ನಿಮ್ಮದನ್ನ ಇಲ್ಲೆ ಕಳಸ್ರಿ, ನಮ್ಮದನ್ನ ನೀವ ಇಟ್ಕೊಳ್ರಿ. ಹೊಂದಿಕೊಂಡ್ರ ಹಂಗಽ ಇರ್ಲಿ ಬಿಡ್ರಿ!"

ಮೆಂತ್ಯದ ಮೊರ ನೆಲಕ್ಕೆ ಬಿದ್ದ ಸದ್ದಾಯಿತು. ಅತ್ತೆ ಆ ವಯಸ್ಸಿನಲ್ಲಿ ಅಷ್ಟು ಲಗೂನ ಏಳಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಅವರ ದನಿ ಬಂತು: "ಸುನಂದಾ, ಅರಿವಿ ಚೀಲಕ್ಕ ತುಂಬ್ಕೋ. ಈ ಮನ್ಯಾಗ ಇನ್ನ ಒಂದ ತುತ್ತ ತಿನ್ನೂದ ಬ್ಯಾಡ. ಮಂಜುನ್ನ ಇಲ್ಲೆ ಕಳಸು, ನಿನ್ನ ಅಲ್ಲೆ ಇಟ್ಕೋ ಅಂತ ಬಸಣ್ಣಗ ಫೋನ್ ಹಚ್ಯಾರವಾ ನಿನ್ನ ಗಂಡ!"

ಸುನಂದಾ ನಕ್ಕಳು ನೋಡಿ, ನಿಲ್ಲಲಾರದೆ ನೆಲಕ್ಕೇ ಕೂತಳು. ಆಟದ ಮಂಜು, ಕಾರ್ಡಿನ ಮಂಜು, ತಂಗಿ ಮಂಜು ಎಂದು ಅವ್ವನಿಗೆ ಬಿಡಿಸಿ ಬಿಡಿಸಿ ಹೇಳಿದಳು. ಅತ್ತೆ ಅರ್ಧ ನಂಬಿದರು. "ಮಂಜಿಗೆ ಮಂಜು ಅನ್ನೂದ ಖರೇ. ಆದ್ರ ಅದನ್ನ ಯಾವ ಗಂಡಸು ಇಷ್ಟ ಅಂಗಲಾಚಿ ಬೇಡ್ತಾನ?" ಎಂದು ಕೇಳಿ ಮತ್ತೆ ಮೆಂತ್ಯದ ಮೊರ ಎತ್ತಿಕೊಂಡರು. ಸುನಂದಾ ಕಣ್ಣೊರೆಸಿಕೊಂಡು ಎದ್ದವಳು ಥಟ್ಟನೆ ಗಂಭೀರಳಾಗಿ, "ಅದಿರ್ಲಿ, ಹತ್ರ ಬಂದಂಗ ದಪ್ಪ ಅಂದದ್ದು ಖರೇನಽ ಕಾರ್ಡಿಗೇನ್ರಿ?" ಎಂದು ಕೇಳಿದಳು. ಆ ರಾತ್ರಿ ನನ್ನ ತಾಟಿಗೆ ಒಂದು ರೊಟ್ಟಿ ಕಡಿಮೆ ಬಿತ್ತು.

ಬಸಣ್ಣ ಕಾರ್ಡು ಕಳಿಸಲಿಲ್ಲ. "ನಾವಽ ಭಾನುವಾರ ಬರ್ತೇವಿ ತಗೋರಿ ಸರ" ಎಂದುಬಿಟ್ಟ. ಅವನು ಬರುವುದರೊಳಗೆ ನನ್ನ ಮನೆಯಲ್ಲಿ ಮಂಜು ಏಳದಿದ್ದರೆ ನನ್ನ ಗತಿಯೇನು? ಹಳೆಯ ಕಾರ್ಡುಗಳ ಹುಚ್ಚರೆಲ್ಲ ಸೇರುವ ಇಂಟರ್ನೆಟ್ಟಿನ ಕಟ್ಟೆಯೊಂದರಲ್ಲಿ ನನ್ನ ದುಃಖ ತೋಡಿಕೊಂಡೆ. ಯಾವುದೋ ದೇಶದ ಪುಣ್ಯಾತ್ಮನೊಬ್ಬ ಉತ್ತರ ಬರೆದ. ಮೂರನೆಯ ಕಾರ್ಡಿನದು ತಪ್ಪಿಲ್ಲ, ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ತೀರ ಹೊಸದು. ಹೊಸ ಡ್ರೈವರುಗಳಿಗೆ ಆ ಹಳೆಯ ಮಂಜಿನ ಪದ್ಧತಿ ಮರೆತೇಹೋಗಿದೆ. ಹಳೆಯ ಡ್ರೈವರನ್ನೇ ಹುಡುಕಿ ಹಾಕು, ಎಂದು. ಹುಡುಕಿದೆ, ಹಾಕಿದೆ. ಶನಿವಾರ ಸಂಜೆ ನನ್ನ ಪರದೆಯ ಕಣಿವೆಯಿಂದ ಮಂಜು ಎದ್ದಿತು. ಮೆಲ್ಲಗೆ, ಹದವಾಗಿ, ದೂರ ಹೋದಂತೆ ದಟ್ಟವಾಗಿ. ನನ್ನ ಚಷ್ಮಾಕ್ಕೂ ಸ್ವಲ್ಪ ಕವಿಯಿತು.

"ಸುನಂದಾ, ಬಾ ಇಲ್ಲೆ!" ಎಂದು ಕೂಗಿದೆ. ಬಂದಳು. ಕೈಯಲ್ಲಿ ತಾಟೂ ಇತ್ತು. ಕಣ್ಣರಳಿಸಿ ನೋಡಿದಳು. "ಹಾಂ!" ಎಂದಳು. ನಾನು ಕುರ್ಚಿಯ ಅರ್ಧ ಬಿಟ್ಟು ಸರಿದು ಕೂತೆ. "ಈಗ ಥೇಟ್ ಮಂಜುನ ಮನ್ಯಾಗಿನಂಗಽ ಆತ ನೋಡ್ರಿ!"

ಭಾನುವಾರ ಬಸಣ್ಣ, ಮಂಜು ಇಬ್ಬರೂ ಬಂದರು. ಅವನು ನನ್ನ ಮಂಜಿನ ಕಡೆ ಒಮ್ಮೆ ಕಣ್ಣು ಹಾಯಿಸಿ, "ಛಲೋ ಆಗೈತ್ರಿ ಸರ. ಆದ್ರ ಆ ತಿರುಗಾಮುರುಗಾ ಕಾರ್ಡ್ ಎಲ್ಲೈತ್ರಿ?" ಎಂದು ಕೇಳಿದ. ಅದೇಕೆ ಎಂದೆ. "ಹತ್ತರದ್ದು ಹೆಂಗೂ ನಮಗ ಗೊತ್ತಽ ಇರ್ತೈತಿ ಅಲ್ರಿ? ದೂರದ ಗುಡ್ಡ ಮೊದಲಽ ಕಂಡ್ರ ಡಿಕ್ಕಿ ತಪ್ಪತೈತಿ. ನನಗ ಆ ಮಂಜಿನ್ಯಾಗ ಒಂದ ಊರಿಗೂ ಟಪಾಲ ಮುಟ್ಟಸಾಕ ಆಗವಲ್ಲದು!" ಎಂದ. ಮೂಲೆಯಲ್ಲಿ ಬಿದ್ದಿದ್ದ ಆ ಕಾರ್ಡನ್ನು ಹಳೆಯ ಪೇಪರಿನಲ್ಲಿ ಸುತ್ತಿ ನಗುನಗುತ್ತಾ ಕೊಟ್ಟು ಕಳಿಸಿದೆ. ಪೀಡೆ ತೊಲಗಿತು ಎಂದುಕೊಂಡೆ.

ಮರುವಾರ ಸುನಂದಾ ಹುಬ್ಬಳ್ಳಿಗೆ ಹೋಗಿ ಬಂದು ಚಪ್ಪಲಿ ಬಿಡುವಾಗಲೇ ಶುರು ಮಾಡಿದಳು: "ಏನ ಕಾಣತೈತ್ರಿ ಅವರ ಮನ್ಯಾಗ! ದೂರದ ಗುಡ್ಡದ ಮ್ಯಾಲಿನ ಒಂದೊಂದ ಗಿಡಾನೂ ಎಣಸಬಹುದು. ಬಸಣ್ಣಾರು ಈಗ ಎಲ್ಲಾ ಊರಿಗೂ ಟಪಾಲ ಮುಟ್ಟಸಾಕತ್ತಾರ. ನಮ್ಮನ್ಯಾಗ ಏನೈತಿ, ಬರೇ ಮಂಜು."

ನಾನು ಎದ್ದು ಹೋಗಿ ಫೋನು ಹಚ್ಚಿದೆ. ಪಡಸಾಲೆಯಲ್ಲಿ ಅತ್ತೆ ಇದ್ದರು. ನಾಲ್ಕು ದಿನಕ್ಕೆಂದು ಬಂದವರು ನನ್ನ ಮೇಲೆ ಕಣ್ಣಿಡಲು ಉಳಿದುಕೊಂಡಿದ್ದರು. ಈ ಸಲ ಮಂಜು ಎಂಬ ಶಬ್ದವೇ ಬಾಯಿಂದ ಬೀಳದಂತೆ ಎಚ್ಚರ ವಹಿಸಿದೆ. "ಬಸಣ್ಣಾರ, ತಪ್ಪ ತಿಳಕೋಬ್ಯಾಡ್ರಿ. ನಮ್ಮ ಹಳೇದನ್ನ ನಮಗ ತಿರುಗಿ ಕಳಸ್ರಿ. ಹೊಸಾದು ನೋಡಾಕ ಛಲೋ ಐತಿ, ಖರೇ. ಆದ್ರ ನನಗ ಅದಽ ಬೇಕ್ರಿ. ಅದರ ಬೆಲಿ ನನಗ ಈಗ ಗೊತ್ತಾತು."

ಹಿಂದಿನಿಂದ ದೊಡ್ಡದೊಂದು ನಿಟ್ಟುಸಿರು ಕೇಳಿಸಿತು. "ಸುನಂದಾ," ಎಂದು ಅತ್ತೆ ಒಳಗೆ ಕೂಗಿದರು, "ನಿನ್ನ ಗಂಡಗ ಬುದ್ಧಿ ಬಂತ ನೋಡವಾ. ಒಂದೀಟ ಶಿರಾ ಮಾಡು."

ಶಿರಾ ಬಂತು. ಗೋಡಂಬಿ ದ್ರಾಕ್ಷಿ ಹಾಕಿದ್ದ, ತುಪ್ಪ ಜಿನುಗುವ ಶಿರಾ. ತುತ್ತು ಬಾಯಿಗಿಟ್ಟುಕೊಂಡೆ. ಇದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಬಸಣ್ಣನಿಗೆ ಮಂಜು ಏನು ಮಾಡಿ ಕೊಟ್ಟಿರಬಹುದು ಎಂದು ಯೋಚನೆ ಹತ್ತಿತು. ಬಾಯಲ್ಲಿದ್ದುದರ ರುಚಿ ತಿಳಿಯಲಿಲ್ಲ.